ಕರಗಿದ್ದು ಕಳೆದುಹೋದುದಲ್ಲ



ಮನುಷ್ಯನು ತಾನು ಮಾಡಿದ ಕರ್ಮಕ್ಕೆ ಎಷ್ಟು ದೂರದವರೆಗೆ ಹೊಣೆಗಾರನು? ಈ ಪ್ರಶ್ನೆ ಹಳೆಯದು. ಕೈಯೆತ್ತಿ ಹೊಡೆದವನು ಹೊಣೆಗಾರನೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಹೊಡೆಯಿಸಿದವನೂ, ಹೊಡೆಯುವುದನ್ನು ಕಂಡು ಒಪ್ಪಿಗೆಯಿಂದ ನಿಂತವನೂ ಆ ದೋಷದಲ್ಲಿ ಪಾಲುದಾರರೆಂದು ಹಿರಿಯರು ವಿಚಾರ ಮಾಡಿ ಹೇಳಿದ್ದಾರೆ. ಆದರೆ ಹೊಡೆದವನಿಗೆ ತಾನು ಹೊಡೆದೆನೆಂಬುದೇ ತಿಳಿಯದಿದ್ದರೆ? ಪೆಟ್ಟು ತಿನ್ನುವ ಜೀವ ನೂರಾರು ಹರದಾರಿ ದೂರದಲ್ಲಿದ್ದು, ಆ ಪೆಟ್ಟು ಬೀಳುವುದು ಐವತ್ತು ವರ್ಷಗಳ ತರುವಾಯವಾದರೆ? ಅದರಲ್ಲಿ ಕೋಟ್ಯನುಕೋಟಿ ಜನರ ಕೈ ಸೇರಿದ್ದು, ಒಬ್ಬೊಬ್ಬನ ಪಾಲು ಅಳತೆಗೆ ಸಿಗದಷ್ಟು ಅಲ್ಪವಾಗಿದ್ದರೆ? ಆಗಲೂ ಹೊಣೆಯೆಂಬುದು ಉಳಿಯುತ್ತದೆಯೇ? ಹಿಂದಿನವರಿಗೆ ಇದು ತರ್ಕಕ್ಕಾಗಿ ಕಲ್ಪಿಸಿಕೊಳ್ಳಬೇಕಾದ ಪ್ರಶ್ನೆಯಾಗಿತ್ತು. ನಮ್ಮ ಕಾಲದಲ್ಲಿ ಇದು ಸಮುದ್ರದ ನೀರನ್ನು ಪಾತ್ರೆಯಲ್ಲಿ ತುಂಬಿ ಅಳೆದು ನೋಡಬಹುದಾದ ಸಂಗತಿಯಾಗಿದೆ. ಆದ್ದರಿಂದ ಸಮುದ್ರದ ವಿಷಯವನ್ನೇ ಹಿಡಿದು ಈ ಪ್ರಶ್ನೆಯನ್ನು ವಿಚಾರಿಸೋಣ.

ಬಯಲುಸೀಮೆಯವರಾದ ನಮಗೆ ಸಮುದ್ರದ ಮಾತೇಕೆ ಎಂದು ಕೆಲವರಿಗೆ ತೋರಬಹುದು. ಮೈಲಾರದ ಜಾತ್ರೆಗೆ ಬಂದು ತುಂಗಭದ್ರೆಯಲ್ಲಿ ಮಿಂದ ಭಕ್ತರ ನಡುವೆ ಈ ವಿಷಯ ಬಂದಾಗ ಹಿರಿಯ ರೈತರೊಬ್ಬರು ನಗುತ್ತ ಹೇಳಿದರು: “ಅಜ್ಜಾರ, ನಮ್ಮ ಹಡಗಲಿಯ ಹೆಸರಿನಾಗ ಹಡಗು ಐತಿ, ಊರಾಗಿಲ್ಲ. ಸಮುದ್ರ ಕಂಡವ್ರಲ್ಲ ನಾವು. ನಮ್ಮಿಂದ ಅದಕ್ಕೇನು ಕೇಡಾದೀತ್ರೀ?” ಈ ಮಾತಿನಲ್ಲಿ ಕಪಟವಿಲ್ಲ. ಆದರೆ ಅವರ ಕಾಲ ಬುಡದಲ್ಲಿ ಹರಿಯುತ್ತಿದ್ದ ನೀರೇ ಇದಕ್ಕೆ ಅರ್ಧ ಉತ್ತರ ಹೇಳುತ್ತಿತ್ತು. ಪಶ್ಚಿಮ ಘಟ್ಟದ ವರಾಹಪರ್ವತದಲ್ಲಿ ಹುಟ್ಟಿದ ತುಂಗೆ, ಭದ್ರೆಯರು ಕೂಡಲಿಯಲ್ಲಿ ಒಂದಾಗಿ, ಹರಿಹರವನ್ನು ದಾಟಿ, ಮೈಲಾರದ ಮಗ್ಗುಲಲ್ಲಿ ಹರಿದು, ಹೊಸಪೇಟೆಯ ಜಲಾಶಯದಲ್ಲಿ ತಂಗಿ, ಕೃಷ್ಣೆಯನ್ನು ಕೂಡಿ ಬಂಗಾಳ ಉಪಸಾಗರಕ್ಕೆ ಸೇರುತ್ತಾರೆ. ಬಂಡೆಗಳಿಂದಲೂ, ನಮ್ಮ ಎರೆಹೊಲಗಳ ಸುಣ್ಣದ ಹರಳುಗಳಿಂದಲೂ ಕರಗಿದ ಸುಣ್ಣದಂಶವನ್ನು ಹೊತ್ತುಕೊಂಡೇ ನದಿಯು ಸಮುದ್ರಕ್ಕೆ ಹೋಗುತ್ತದೆ. ಕಡಲ ಜೀವಿಗಳು ಚಿಪ್ಪು ಕಟ್ಟಿಕೊಳ್ಳುವುದು ಹೀಗೆ ಯುಗಯುಗಗಳಿಂದ ನದಿಗಳು ಒಯ್ದು ಸುರಿದ ಸುಣ್ಣದಿಂದಲೇ. ಕಾಣದಿದ್ದರೂ ನಮ್ಮ ನೆಲಕ್ಕೂ ಆ ನೀರಿಗೂ ಕೊಡುಕೊಳ್ಳುವ ಸಂಬಂಧವಿದೆ.

ಮೊದಲು ಸುಲಭವಾದ ದೃಷ್ಟಾಂತವನ್ನು ನೋಡೋಣ. 1980ರ ದಶಕದಲ್ಲಿ ಹರಿಹರದ ಕೆಳಗೆ ಇದೇ ತುಂಗಭದ್ರೆಯ ನೀರು ಕಾರ್ಖಾನೆಯ ಕೊಳೆಯಿಂದ ಕೆಟ್ಟು ಮೀನುಗಳು ಸತ್ತು ತೇಲಿದವು. ದಂಡೆಯ ಹಳ್ಳಿಗಳವರು ಗೋಳಿಟ್ಟರು, ಪ್ರತಿಭಟನೆ ನಡೆಯಿತು. ಅಲ್ಲಿ ಧರ್ಮನಿರ್ಣಯಕ್ಕೆ ತೊಡಕಿರಲಿಲ್ಲ. ಮಾಡಿದವನು ಮೇಲೆ ಇದ್ದನು, ಉಂಡವನು ಕೆಳಗೆ ಇದ್ದನು, ನಡುವೆ ಎಲ್ಲರಿಗೂ ಕಾಣುವ ನದಿಯಿತ್ತು. ಬೆರಳು ತೋರಿಸಲು ಒಂದು ದಿಕ್ಕಿತ್ತು. ಇಂದು ನಾನು ಹೇಳಹೊರಟ ಕೇಡಿಗೆ ಇಂತಹ ದಿಕ್ಕಿಲ್ಲ. ಅದು ಗಾಳಿಯ ಮೂಲಕ ಹೋಗುತ್ತದೆ. ಗಾಳಿಗೆ ದಂಡೆಯೂ ಇಲ್ಲ, ಮೇಲುಗಡೆ ಕೆಳಗಡೆಯೂ ಇಲ್ಲ.

ಕಲ್ಲಿದ್ದಲು, ಪೆಟ್ರೋಲು, ಡೀಸೆಲ್‌ಗಳನ್ನು ಸುಟ್ಟಾಗ ಇಂಗಾಲದ ಡೈ ಆಕ್ಸೈಡ್ ಎಂಬ ವಾಯು ಹುಟ್ಟುತ್ತದೆ. ಇಂಗಾಲಾಮ್ಲ ವಾಯುವೆಂದು ಕನ್ನಡದಲ್ಲಿ ಕರೆಯುವುದು ಇದನ್ನೇ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲಿನ ವಿದ್ಯುತ್ ಕೇಂದ್ರ ನಡೆಯುತ್ತಿದೆ, ಬಳ್ಳಾರಿಯ ಕುಡತಿನಿಯಲ್ಲಿ ಅದರ ತರುವಾಯದ ಕೇಂದ್ರವಿದೆ. ಕಲ್ಲಿದ್ದಲಿನಿಂದ ತಯಾರಾದ ಒಂದು ಯೂನಿಟ್ಟು ವಿದ್ಯುತ್ತಿನ ಹಿಂದೆ ಹೆಚ್ಚುಕಡಿಮೆ ಒಂದು ಕಿಲೋಗ್ರಾಂ ಇಂಗಾಲಾಮ್ಲ ವಾಯು ಹೊರಬೀಳುತ್ತದೆ. ಯಂತ್ರಯುಗಕ್ಕೆ ಮುಂಚೆ ಗಾಳಿಯ ದಶಲಕ್ಷ ಪಾಲಿನಲ್ಲಿ ಈ ವಾಯು ಸುಮಾರು 280 ಪಾಲು ಇತ್ತು. ಹವಾಯಿ ದ್ವೀಪದ ಮೌನ ಲೋವಾ ಪರ್ವತದ ಮೇಲೆ 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿಯು ಎಡೆಬಿಡದೆ ಅಳೆಯತೊಡಗಿದಾಗ ಅದು 315ರ ಆಸುಪಾಸಿನಲ್ಲಿತ್ತು. ಈಗ 420ನ್ನು ದಾಟಿದೆ. ಹೀಗೆ ಹೊರಬಿದ್ದ ವಾಯುವೆಲ್ಲ ಆಕಾಶದಲ್ಲಿಯೇ ನಿಂತಿದ್ದರೆ ಬಿಸಿಲು ಇನ್ನೂ ಕಡುವಾಗುತ್ತಿತ್ತು. ಅದರ ಸುಮಾರು ನಾಲ್ಕನೆಯ ಒಂದು ಪಾಲನ್ನು ಸಮುದ್ರವು ಪ್ರತಿವರ್ಷ ತನ್ನೊಳಗೆ ಇಳಿಸಿಕೊಳ್ಳುತ್ತಿದೆ. ಬಹುಕಾಲ ವಿದ್ವಾಂಸರೂ ಇದನ್ನು ಉಪಕಾರವೆಂದೇ ತಿಳಿದಿದ್ದರು. ನೀರಿನಲ್ಲಿ ಕರಗಿತು, ಕಣ್ಣಿಗೆ ಮರೆಯಾಯಿತು, ಅಲ್ಲಿಗೆ ಮುಗಿಯಿತು ಎಂಬುದು ಸಾಮಾನ್ಯ ಭಾವನೆಯಾಗಿತ್ತು.

ಮುಗಿಯಲಿಲ್ಲವೆಂಬುದನ್ನು ತಿಳಿಯಲು ದೊಡ್ಡ ಪ್ರಯೋಗಶಾಲೆ ಬೇಕಾಗಿಲ್ಲ. ನಿಮ್ಮ ಮನೆಯ ಎಲೆಯಡಿಕೆಯ ತಟ್ಟೆಯಲ್ಲಿರುವ ಸುಣ್ಣವೇ ಸಾಕು. ಸ್ವಲ್ಪ ಸುಣ್ಣವನ್ನು ನೀರಿನಲ್ಲಿ ಕದಡಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಬಸಿದುಕೊಳ್ಳಿರಿ. ಅದರೊಳಗೆ ಕೊಳವೆಯಿಂದ ಮೆಲ್ಲಗೆ ಉಸಿರೂದಿದರೆ ತಿಳಿಯು ಹಾಲಿನಂತೆ ಬೆಳ್ಳಗಾಗುತ್ತದೆ. ಶಾಲೆಯಲ್ಲಿ ಇದನ್ನು ಎಲ್ಲರೂ ಕಂಡಿದ್ದೀರಿ. ನಮ್ಮ ಉಸಿರಿನಲ್ಲಿರುವ ಇಂಗಾಲಾಮ್ಲ ವಾಯು ಸುಣ್ಣವನ್ನು ಕೂಡಿ ಕ್ಯಾಲ್ಸಿಯಂ ಕಾರ್ಬೊನೇಟು ಆಯಿತು. ಶಂಖ, ಸಿಂಪಿ, ಹವಳಗಳ ಮೈಯೆಲ್ಲ ಅದೇ ವಸ್ತು. ಅನೇಕರು ಪ್ರಯೋಗವನ್ನು ಅಲ್ಲಿಗೆ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸದೆ ಬಹಳ ಹೊತ್ತು ಅದೇ ವಾಯುವನ್ನು ಹಾಯಿಸುತ್ತಲೇ ಹೋದರೆ ಬೆಳ್ಳಗಾದ ನೀರು ಮತ್ತೆ ತಿಳಿಯಾಗುತ್ತದೆ. ಹುಟ್ಟಿದ ಚಿಪ್ಪಿನ ವಸ್ತು ಕರಗಿಹೋಯಿತು. ಹುಟ್ಟಿಸಿದ್ದೂ ಅದೇ ವಾಯು, ಕರಗಿಸಿದ್ದೂ ಅದೇ ವಾಯು. ಭೇದವಿರುವುದು ಪ್ರಮಾಣದಲ್ಲಿ ಮಾತ್ರ.

ಸಮುದ್ರದಲ್ಲಿ ನಡೆಯುತ್ತಿರುವುದು ಇದರ ದೊಡ್ಡ ರೂಪ. ಇಂಗಾಲಾಮ್ಲ ವಾಯು ನೀರನ್ನು ಕೂಡಿ ಕಾರ್ಬಾನಿಕ್ ಆಮ್ಲವೆಂಬ ಮೆಲುವಾದ ಹುಳಿಯಾಗುತ್ತದೆ. ಆ ಹುಳಿಯಿಂದ ಜಲಜನಕದ ಅಯಾನುಗಳು ಬಿಡುಗಡೆಯಾಗುತ್ತವೆ. ಅವು ಒಂಟಿಯಾಗಿರಲಾರದೆ, ನೀರಿನಲ್ಲಿ ಮೊದಲೇ ಇರುವ ಕಾರ್ಬೊನೇಟನ್ನು ಹಿಡಿದು ಬೈಕಾರ್ಬೊನೇಟನ್ನಾಗಿ ಮಾರ್ಪಡಿಸುತ್ತವೆ. ಚಿಪ್ಪು ಕಟ್ಟಲು ಬೇಕಾದುದು ಕಾರ್ಬೊನೇಟು. ಮನೆ ಕಟ್ಟುವವನ ಅಂಗಳದಲ್ಲಿ ರಾಶಿ ಹಾಕಿದ್ದ ಕಲ್ಲನ್ನು ಯಾರೋ ದಿನವೂ ಸ್ವಲ್ಪ ಸ್ವಲ್ಪವಾಗಿ ಒಯ್ದಂತೆ ಇದು. ಕಲ್ಲು ಕಡಿಮೆಯಾದಷ್ಟೂ ಕಟ್ಟುವ ಶ್ರಮ ಹೆಚ್ಚುತ್ತದೆ. ರಾಶಿಯು ಒಂದು ಮಟ್ಟಕ್ಕಿಂತ ಕೆಳಗಿಳಿದರೆ, ಕಟ್ಟಿದ ಗೋಡೆಯೇ ಕರಗತೊಡಗುತ್ತದೆ.

ಆಮ್ಲ, ಕ್ಷಾರಗಳನ್ನು ಅಳೆಯಲು ಪಿ.ಎಚ್. ಎಂಬ ಮಾನವನ್ನು 1909ರಲ್ಲಿ ಡೆನ್ಮಾರ್ಕಿನ ಸೊರೆನ್‌ಸೆನ್ ಎಂಬ ರಸಾಯನವಿಜ್ಞಾನಿ ರೂಪಿಸಿದನು. ಶುದ್ಧ ನೀರು 7. ಅದಕ್ಕೆ ಮೇಲಿನದು ಕ್ಷಾರ, ಕೆಳಗಿನದು ಹುಳಿ. ಸಮುದ್ರದ ಮೇಲುನೀರು ಯಂತ್ರಯುಗಕ್ಕೆ ಮುಂಚೆ ಸುಮಾರು 8.2 ಇದ್ದುದು ಈಗ 8.1ಕ್ಕೆ ಇಳಿದಿದೆ. ಅಂದರೆ ಸಮುದ್ರವು ಹುಳಿಯಾಗಿಬಿಟ್ಟಿಲ್ಲ. ಅದು ಇಂದಿಗೂ ಕ್ಷಾರವೇ. ಹುಳಿಯ ಕಡೆಗೆ ಸರಿದಿದೆ ಎಂಬುದಷ್ಟೇ ಸರಿಯಾದ ಮಾತು. ಒಂದರ ಹತ್ತನೆಯ ಒಂದು ಭಾಗವೆಂದರೆ ಎಷ್ಟು ಮಾತ್ರ ಎಂದು ಹಗುರವಾಗಿ ಎಣಿಸಬಾರದು. ಈ ಮಾನದಲ್ಲಿ ಒಂದು ಅಂಕಿ ಇಳಿದರೆ ಜಲಜನಕದ ಅಯಾನುಗಳು ಹತ್ತು ಪಟ್ಟು ಹೆಚ್ಚುತ್ತವೆ. ಇಷ್ಟು ಅಲ್ಪವೆಂದು ಕಾಣುವ ಇಳಿತದಲ್ಲಿಯೇ ಅವು ಶೇಕಡಾ 30ರಷ್ಟು ಹೆಚ್ಚಿವೆ. ಹೀಗೆಯೇ ಸುಡುತ್ತ ಹೋದರೆ ಈ ಶತಮಾನದ ಕೊನೆಗೆ 7.8ರ ಹತ್ತಿರಕ್ಕೆ ಇಳಿದೀತೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ನಮ್ಮ ರಕ್ತದ ಪಿ.ಎಚ್. 7.4ರಿಂದ 7.2ಕ್ಕೆ ಇಳಿದರೆ ವೈದ್ಯರು ಗಾಬರಿಪಡುತ್ತಾರೆ. ಜೀವಿಗಳು ಎಂತಹ ಕಿರಿದಾದ ಅಂಚಿನ ಮೇಲೆ ಬದುಕುತ್ತವೆಂಬುದನ್ನು ಇದರಿಂದ ಊಹಿಸಬಹುದು.

ಇನ್ನು ಜೀವಿಗಳ ಪಾಡನ್ನು ನೋಡೋಣ. ಸಿಂಪಿಯ ಮರಿಯು ತತ್ತಿಯಿಂದ ಹೊರಬಂದ ಮೊದಲ ಎರಡು ದಿನಗಳಲ್ಲಿಯೇ ತನ್ನ ಮೊದಲ ಚಿಪ್ಪನ್ನು ಕಟ್ಟಿಕೊಳ್ಳಬೇಕು. ಆಗ ಅದಕ್ಕೆ ಬಾಯಿಂದ ಉಣ್ಣುವ ಶಕ್ತಿ ಇನ್ನೂ ಬಂದಿರುವುದಿಲ್ಲ. ತತ್ತಿಯಲ್ಲಿ ತಾಯಿಯು ಕಟ್ಟಿಕೊಟ್ಟ ಬುತ್ತಿಯಿಂದಲೇ ಆ ಕೆಲಸವಾಗಬೇಕು. ನೀರಿನಲ್ಲಿ ಕಾರ್ಬೊನೇಟು ಕಡಿಮೆಯಿದ್ದರೆ ಬುತ್ತಿಯೆಲ್ಲ ಚಿಪ್ಪಿಗೇ ಖರ್ಚಾಗಿ, ಮರಿಯು ಬೆಳೆಯುವ ಮುನ್ನವೇ ಸಾಯುತ್ತದೆ. ಅಮೇರಿಕದ ಪಶ್ಚಿಮ ತೀರದ ಒರೆಗಾನ್ ರಾಜ್ಯದಲ್ಲಿ ಸಿಂಪಿಮರಿಗಳನ್ನು ಸಾಕುವ ಕೇಂದ್ರದಲ್ಲಿ 2007, 2008ರ ಸುಮಾರಿಗೆ ಮರಿಗಳು ರಾಶಿರಾಶಿಯಾಗಿ ಸತ್ತವು. ಮೊದಲು ರೋಗಾಣುವಿನ ಮೇಲೆ ಸಂಶಯ ಬಂದಿತು. ತರುವಾಯ ನೀರನ್ನು ಪರೀಕ್ಷಿಸಿದಾಗ, ಆಳದಿಂದ ಮೇಲೆದ್ದು ಬಂದ ಹುಳಿಯೆಡೆಗೆ ಸರಿದ ನೀರೇ ಕಾರಣವೆಂದು ಗೊತ್ತಾಯಿತು. ಅಲ್ಲಿಯವರು ನೀರಿಗೆ ಸೋಡಾ ಬೆರೆಸಿ ಮರಿಗಳನ್ನು ಉಳಿಸಿಕೊಂಡರು. ಇದರಲ್ಲಿ ನಮ್ಮ ವಿಚಾರಕ್ಕೆ ಮುಖ್ಯವಾದ ಅಂಶವೊಂದಿದೆ. ಹಾಗೆ ಮೇಲೆದ್ದ ನೀರು ಸುಮಾರು ಐವತ್ತು ವರ್ಷಗಳ ಹಿಂದೆ ಸಮುದ್ರದ ಮೇಲ್ಮೈಯಲ್ಲಿದ್ದು ಗಾಳಿಯನ್ನು ಮುಟ್ಟಿದ ನೀರು. ಅಂದು ಸುಟ್ಟವರ ಹೊಗೆಯನ್ನು ಅದು ಇಂದಿನ ಮರಿಗಳಿಗೆ ತಂದು ಮುಟ್ಟಿಸಿತು. ಇಂದು ನಾವು ಸುಟ್ಟದ್ದನ್ನು ಒಯ್ದ ನೀರು ಇನ್ನೂ ಆಳದಲ್ಲಿ ನಡೆಯುತ್ತಿದೆ.

ದಕ್ಷಿಣ ಧ್ರುವದ ಸಮುದ್ರದಲ್ಲಿ ಕಡಲಚಿಟ್ಟೆಯೆಂದು ಕರೆಯುವ ಸಣ್ಣ ಜೀವಿಯುಂಟು. ಗಾಜಿನಂತೆ ತೆಳುವಾದ ಅದರ ಚಿಪ್ಪು ಕರಗುತ್ತಿರುವುದನ್ನು ವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ಕಂಡು 2012ರಲ್ಲಿ ಪ್ರಕಟಿಸಿದರು. ಅದನ್ನು ಮೀನುಗಳು ತಿನ್ನುತ್ತವೆ, ಆ ಮೀನುಗಳನ್ನು ಬೇರೆಯವು ತಿನ್ನುತ್ತವೆ. ಇಟಲಿಯ ಇಸ್ಕಿಯಾ ದ್ವೀಪದ ಬಳಿ ಸಮುದ್ರದ ತಳದಿಂದ ಇಂಗಾಲಾಮ್ಲ ವಾಯು ತಾನಾಗಿಯೇ ಗುಳ್ಳೆಯಾಗಿ ಏಳುವ ಸ್ಥಳವಿದೆ. ಅದರ ಹತ್ತಿರ ಹೋದಂತೆ ಚಿಪ್ಪಿನ ಜೀವಿಗಳು ವಿರಳವಾಗುತ್ತ, ಕಡಲಹುಲ್ಲು ಮಾತ್ರ ಸೊಂಪಾಗಿ ನಿಲ್ಲುತ್ತದೆ. ಆದ್ದರಿಂದ ಸಮುದ್ರವೇ ಸತ್ತುಹೋಗುವುದೆಂದು ಹೆದರಿಸುವುದು ಸತ್ಯವಲ್ಲ. ಕೆಲವಕ್ಕೆ ಲಾಭವೂ ಉಂಟು. ಆದರೆ ಬಗೆಬಗೆಯ ಜೀವಗಳ ಸಂಸಾರವಿದ್ದೆಡೆಯಲ್ಲಿ ನಾಲ್ಕಾರು ಬಗೆಯವು ಉಳಿದರೆ ಅದನ್ನು ಉಳಿವೆನ್ನಬಹುದೇ?

ನಮ್ಮ ನಾಡಿನ ಸಮುದ್ರಗಳಿಗೂ ಇದು ದೂರದ ವಾರ್ತೆಯಲ್ಲ. ಮಳೆಗಾಲದ ಗಾಳಿಯ ದೆಸೆಯಿಂದ ಅರಬ್ಬೀ ಸಮುದ್ರದ ಪಶ್ಚಿಮ ಕರಾವಳಿಯಲ್ಲಿ ಆಳದ ನೀರು ದಂಡೆಯ ಕಡೆಗೆ ಮೇಲೇಳುತ್ತದೆ. ಅದರಲ್ಲಿ ಆಮ್ಲಜನಕ ಕಡಿಮೆ, ಇಂಗಾಲಾಮ್ಲ ಹೆಚ್ಚು. ಸ್ವಭಾವದಿಂದಲೇ ಇಂತಹ ಇಕ್ಕಟ್ಟಿರುವಲ್ಲಿ ಹೊಸ ಹೊರೆ ಬಿದ್ದರೆ ತಾಳಿಕೆ ಬೇಗ ಮುಗಿಯುತ್ತದೆ. ತುಂಗಭದ್ರೆಯ ನೀರು ಕಡೆಗೆ ಸೇರುವ ಬಂಗಾಳ ಉಪಸಾಗರದಲ್ಲಿ, 1966ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಸಂಶೋಧಕರು ಇನ್ನೊಂದನ್ನು ಕಂಡಿದ್ದಾರೆ. ವಾಯವ್ಯ ಭಾಗದ ತೀರದ ನೀರು ಹುಳಿಯೆಡೆಗೆ ಸರಿಯುವುದರಲ್ಲಿ ಇಂಗಾಲಾಮ್ಲ ವಾಯುವಲ್ಲದೆ, ನೆಲದ ಮೇಲಿನ ಹೊಗೆಯಿಂದ ತೇಲಿ ಬಂದು ಬೀಳುವ ಗಂಧಕ, ಸಾರಜನಕಗಳ ಧೂಳಿನ ಪಾಲೂ ಇದೆ.

2024ರ ಜನವರಿಯಲ್ಲಿ ಕರ್ನಾಟಕದ ಮೂರು ಜಲಪ್ರದೇಶಗಳು ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಪಟ್ಟಿಗೆ ಒಟ್ಟಿಗೆ ಸೇರಿದವು. ಒಂದು ನಮ್ಮ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದ ಪಕ್ಷಿಧಾಮ, ಇನ್ನೊಂದು ಗದಗ ಜಿಲ್ಲೆಯ ಮಾಗಡಿ ಕೆರೆ, ಮೂರನೆಯದು ಉತ್ತರ ಕನ್ನಡದ ಅಘನಾಶಿನಿ ಅಳಿವೆ. ಅಂಕಸಮುದ್ರವೆಂಬ ಹೆಸರಿನಲ್ಲಿ ಸಮುದ್ರವಿದೆ, ಅಘನಾಶಿನಿಯಲ್ಲಿ ಸಮುದ್ರವೇ ಇದೆ. ಕುಮಟೆಯ ಹತ್ತಿರದ ಆ ಅಳಿವೆಯಲ್ಲಿ ನೀರು ಇಳಿದಾಗ ಹೆಂಗಸರೂ ಗಂಡಸರೂ ಮೊಣಕಾಲುದ್ದದ ಕೆಸರಿನಲ್ಲಿ ಬಗ್ಗಿ ಬಳಚು ಎಂಬ ಚಿಪ್ಪಿಕಲ್ಲನ್ನು ಆಯುತ್ತಾರೆ. ಎರಡು ಸಾವಿರಕ್ಕೂ ಮಿಕ್ಕಿದ ಜನರಿಗೆ ಅದು ಜೀವನೋಪಾಯವೆಂದು ಭಾರತೀಯ ವಿಜ್ಞಾನ ಮಂದಿರದ ಸಂಶೋಧಕರು ಎಣಿಸಿದ್ದರು. ಒಳಗಿನ ಮಾಂಸ ಅವರಿಗೆ ಊಟ. ಹೊರಗಿನ ಚಿಪ್ಪನ್ನು ಸುಟ್ಟರೆ ಸುಣ್ಣ. ಹೊಲವಿಲ್ಲದವನಿಗೆ ಆ ಕೆಸರೇ ಹೊಲ. ಅದು ಅವರ ಕಾಯಕ. ಅತಿಯಾಗಿ ಆಯುವುದು, ಮರಳು ತೆಗೆಯುವುದು ಮೊದಲಾದ ಹತ್ತಿರದ ಕೇಡುಗಳು ಆ ಹೊಲಕ್ಕೆ ಇದ್ದೇ ಇವೆ. ಅವುಗಳ ಮೇಲೆ, ಅವರು ಯಾರೂ ಹಚ್ಚದ ಬೆಂಕಿಯಿಂದ ನೀರಿನ ಗುಣವೇ ಬದಲಾಗತೊಡಗಿದರೆ ಅವರು ಯಾರ ಬಾಗಿಲಿಗೆ ಹೋಗಿ ಕೇಳಬೇಕು?

ಇಲ್ಲಿ ಶರಾವತಿಯ ಮಾತನ್ನೂ ನೆನೆಯಬೇಕು. 1960ರ ದಶಕದಿಂದ ಶರಾವತಿಯ ವಿದ್ಯುತ್ತು ಕನ್ನಡನಾಡನ್ನು ಬೆಳಗಿಸಿತು. ಅದರಲ್ಲಿ ಹೊಗೆಯಿಲ್ಲ. ಆದರೆ ವಿದ್ಯುದಾಗಾರಗಳಿಂದ ವರ್ಷವಿಡೀ ಬಿಡುವ ಸಿಹಿನೀರು ಹೊನ್ನಾವರದ ಅಳಿವೆಯ ಉಪ್ಪಿನಂಶವನ್ನು ತಗ್ಗಿಸಿತು. ಉಪ್ಪಿಲ್ಲದೆ ಬದುಕಲಾರದ ಚಿಪ್ಪಿಕಲ್ಲುಗಳು ಅಲ್ಲಿ ಬಹುಮಟ್ಟಿಗೆ ಮರೆಯಾದವು. ಯಾವ ಇಂಜಿನಿಯರನೂ ಅದನ್ನು ಬಯಸಿರಲಿಲ್ಲ. ದೀಪ ಹಚ್ಚಿದ ಯಾವ ಗೃಹಿಣಿಯೂ ಅದನ್ನು ಅರಿತಿರಲಿಲ್ಲ. ಆದರೂ ಆ ಬೆಳಕಿನ ಬೆಲೆಯ ಒಂದಂಶವನ್ನು ತೆತ್ತವರು ಆ ಕೆಸರಿನಲ್ಲಿ ದುಡಿಯುತ್ತಿದ್ದವರು.

ಈಗ ಪೂರ್ವಪಕ್ಷಗಳನ್ನು ಒಂದೊಂದಾಗಿ ತೆಗೆದುಕೊಳ್ಳೋಣ.

ಮೊದಲನೆಯದು, ನನ್ನ ಪಾಲು ತೀರ ಅಲ್ಪ, ಅದಿದ್ದರೂ ಇಲ್ಲದಿದ್ದರೂ ಸಮುದ್ರಕ್ಕೆ ಭೇದವಿಲ್ಲ ಎಂಬುದು. ಮಠದ ಜಾತ್ರೆಯ ದಾಸೋಹವನ್ನು ನೆನೆಯಿರಿ. ಒಬ್ಬ ತಾಯಿ ನಾಲ್ಕು ರೊಟ್ಟಿ ಬಡಿದು ಬುಟ್ಟಿಯಲ್ಲಿ ತರುತ್ತಾಳೆ. ಆ ನಾಲ್ಕು ರೊಟ್ಟಿ ಇಲ್ಲದಿದ್ದರೆ ದಾಸೋಹವೇನೂ ನಿಲ್ಲುತ್ತಿರಲಿಲ್ಲ. ಆದರೂ ಲಕ್ಷ ಜನ ಉಂಡ ಪುಣ್ಯದಲ್ಲಿ ತನಗೊಂದು ಪಾಲಿದೆಯೆಂದು ಆಕೆ ನಂಬುತ್ತಾಳೆ, ನಾವೂ ಹಾಗೆಂದೇ ಹರಸುತ್ತೇವೆ. ಹಿಡಿ ಹಿಟ್ಟಿಗೆ ಪುಣ್ಯದಲ್ಲಿ ಪಾಲು ಕೇಳುವವರು, ಹಿಡಿ ಹೊಗೆಗೆ ಕೇಡಿನಲ್ಲಿ ಪಾಲಿಲ್ಲವೆನ್ನುವುದು ಯಾವ ನ್ಯಾಯ? ಎಷ್ಟು ಜನರಲ್ಲಿ ಹಂಚಿದರೂ ಭಾಗದ ಗಾತ್ರ ಕಿರಿದಾಗುತ್ತದೆಯೇ ಹೊರತು ಒಟ್ಟು ಮೊತ್ತ ಕರಗುವುದಿಲ್ಲ.

ಎರಡನೆಯದು, ಅರಿಯದೆ ಮಾಡಿದ್ದಕ್ಕೆ ದೋಷವಿಲ್ಲ ಎಂಬುದು. ಇದರಲ್ಲಿ ಸತ್ಯವುಂಟು. ಉಗಿಯಂತ್ರಕ್ಕೆ ಕಲ್ಲಿದ್ದಲು ಹಾಕಿದ ಮೊದಲಿಗರು ಸಮುದ್ರವನ್ನು ಕೆಡಿಸುತ್ತಿದ್ದೇವೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. ಆದರೆ ಈ ವಾಯುವನ್ನು ಕುಡಿಯುವ ಸಮುದ್ರದ ಶಕ್ತಿಗೆ ಮಿತಿಯಿದೆಯೆಂದು ರೆವೆಲ್ ಮತ್ತು ಸ್ಯೂಸ್ ಎಂಬ ವಿಜ್ಞಾನಿಗಳು 1957ರಲ್ಲಿಯೇ ತೋರಿಸಿಕೊಟ್ಟರು. 2005ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಇದರ ಮೇಲೆ ವಿಸ್ತಾರವಾದ ವರದಿಯನ್ನೇ ಹೊರಡಿಸಿತು. ಮೈಲಾರದಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದೇ ಸಾಲಿನ ಕಾರ್ಣಿಕವನ್ನು ಕೇಳಲು ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಮಳೆಯೋ ಬರವೋ, ಬೆಳೆಯೋ ಬೆಲೆಯೋ ಎಂದು ತಿಂಗಳುಗಟ್ಟಲೆ ಅದರ ಅರ್ಥವನ್ನು ವಿಚಾರಿಸುತ್ತಾರೆ. ಮುಂಬರುವುದನ್ನು ಅಷ್ಟು ಕಾತರದಿಂದ ಕೇಳಬಲ್ಲ ಜನ, ಅಳತೆಯ ಸಹಿತ ಬಿಡಿಸಿ ಹೇಳಿದ ಮಾತನ್ನು ಕೇಳಲಿಲ್ಲವೆನ್ನಲು ಬರುವುದಿಲ್ಲ. ಅರಿಯದೆ ಮಾಡಿದ್ದು ಒಂದು, ಅರಿತ ಮೇಲೂ ಮುಂದುವರಿಸಿದ್ದು ಇನ್ನೊಂದು.

ಮೂರನೆಯದು ಬಹಳ ಬಲವಾದ ಪಕ್ಷ. ಸುಟ್ಟವರು ಶ್ರೀಮಂತ ದೇಶದವರು, ನಮಗೇಕೆ ಈ ಉಪದೇಶ ಎಂಬುದು. ಲೆಕ್ಕವು ಈ ಮಾತಿನ ಪರವಾಗಿಯೇ ಇದೆ. ವರ್ಷಕ್ಕೆ ತಲೆಗೆ ಅಮೇರಿಕದವನ ಪಾಲು ಸುಮಾರು 14 ಟನ್, ಜಗತ್ತಿನ ಸರಾಸರಿ ಸುಮಾರು 4.7 ಟನ್, ಭಾರತೀಯನದು ಸುಮಾರು 2 ಟನ್ ಇಂಗಾಲಾಮ್ಲ ವಾಯು. ಒಂದು ಬಲ್ಬಿನ ಬೆಳಕಿನಲ್ಲಿ ಓದುವ ಬಡವನ ಮಗುವಿಗೆ ದೀಪ ಆರಿಸೆಂದು ಹೇಳುವವನು ಧರ್ಮವನ್ನರಿಯದವನು. ಆದರೆ ಸರಾಸರಿಯೆಂಬುದು ದೊಡ್ಡ ಮರೆ. ಎರಡು ಟನ್ನಿನ ಆ ಲೆಕ್ಕದೊಳಗೆ ಕೆಸರಿನಲ್ಲಿ ಬಳಚು ಆಯುವವಳೂ ಇದ್ದಾಳೆ, ಐದಾರು ಹವಾನಿಯಂತ್ರಣ ಯಂತ್ರಗಳ ಬಂಗಲೆಯವನೂ ಇದ್ದಾನೆ. ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ ಇಂದು ಬೆಂಗಳೂರಿನಲ್ಲಿಯೋ, ಅಮೇರಿಕದಲ್ಲಿಯೋ ನೆಲಸಿ ಈ ಪತ್ರಿಕೆಯನ್ನು ಪ್ರೀತಿಯಿಂದ ತರಿಸಿಕೊಳ್ಳುವ ಹಳೆಯ ವಿದ್ಯಾರ್ಥಿಗಳು ತಾವು ಯಾವ ಸಾಲಿನಲ್ಲಿ ಕುಳಿತಿದ್ದೇವೆಂಬುದನ್ನು ತಾವೇ ನೋಡಿಕೊಳ್ಳಬೇಕು. ಹೊಣೆಯು ದೇಶವನ್ನು ನೋಡಿ ಬರುವುದಿಲ್ಲ, ಉಂಡುದನ್ನು ನೋಡಿ ಬರುತ್ತದೆ.

ನಾಲ್ಕನೆಯದು, ಪ್ರಕೃತಿಯು ತಾನೇ ಸರಿಪಡಿಸಿಕೊಳ್ಳುತ್ತದೆ ಎಂಬುದು. ಸರಿಪಡಿಸಿಕೊಳ್ಳುವುದು ನಿಜ. ಸಮುದ್ರದ ತಳದ ಸುಣ್ಣ ಕರಗುತ್ತ, ನೆಲದ ಬಂಡೆಗಳು ಸವೆಯುತ್ತ ಈ ಹುಳಿಯನ್ನು ಮೆಲ್ಲಮೆಲ್ಲನೆ ಮುರಿಯುತ್ತವೆ. ಸುಮಾರು 5 ಕೋಟಿ 60 ಲಕ್ಷ ವರ್ಷಗಳ ಹಿಂದೆ ಒಮ್ಮೆ ಹೀಗೆ ಇಂಗಾಲಾಮ್ಲ ಉಕ್ಕಿ, ಆಳಸಮುದ್ರದ ಅನೇಕ ಸೂಕ್ಷ್ಮಜೀವಿಗಳು ಅಳಿದವು. ಸಮುದ್ರವು ಚೇತರಿಸಿಕೊಂಡಿತು, ಆದರೆ ಅದಕ್ಕೆ ಒಂದು ಲಕ್ಷ ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಅಳಿದ ಜೀವಗಳು ಮಾತ್ರ ಮರಳಿ ಬರಲಿಲ್ಲ. ಪ್ರಕೃತಿಯ ಕ್ಷಮೆ ದೊಡ್ಡದು, ಆದರೆ ಅದರ ಪಂಚಾಂಗ ನಮ್ಮದಲ್ಲ.

ಹಾಗಾದರೆ ನಾವೆಲ್ಲ ಪಾಪಿಗಳೇ? ಹಾಗೆನ್ನುವುದು ನನ್ನ ಅಭಿಪ್ರಾಯವಲ್ಲ. ಪಾಪಕ್ಕೆ ಬುದ್ಧಿಪೂರ್ವಕವಾದ ಸಂಕಲ್ಪ ಬೇಕು. ದೀಪ ಹಚ್ಚುವವನಲ್ಲಿ ಸಿಂಪಿಮರಿಯನ್ನು ಕೊಲ್ಲುವ ಸಂಕಲ್ಪವಿಲ್ಲ. ಪಾಪವೆಂದು ಕರೆದರೆ ಒಬ್ಬನು ಅತಿಯಾಗಿ ಅಂಜುತ್ತಾನೆ, ಇನ್ನೊಬ್ಬನು ಪ್ರಾಯಶ್ಚಿತ್ತವೆಂದು ನಾಲ್ಕು ಕಾಸು ಎಸೆದು ಕೈ ತೊಳೆದುಕೊಳ್ಳುತ್ತಾನೆ. ಇದಕ್ಕೆ ಒಪ್ಪುವ ಮಾತು ನಮ್ಮಲ್ಲಿಯೇ ಇದೆ. ಅದು ಋಣ. ಋಣಕ್ಕೆ ಸಂಕಲ್ಪ ಬೇಕಾಗಿಲ್ಲ, ಉಪಕಾರ ಪಡೆದಿದ್ದರೆ ಸಾಕು. ತಂದೆ ತಾಯಿಗಳ ಋಣವನ್ನು ನಾವು ಕೇಳಿ ಪಡೆದುದಲ್ಲ. ಆದರೂ ಅದನ್ನು ಅಲ್ಲಗಳೆಯುವವನನ್ನು ಲೋಕವು ಕೃತಘ್ನನೆನ್ನುತ್ತದೆ. ಪತ್ರವಿಲ್ಲ, ಸಾಕ್ಷಿಯಿಲ್ಲ ಎಂದ ಮಾತ್ರಕ್ಕೆ ಋಣ ಹರಿಯುವುದಿಲ್ಲ. ಸಾಲಗಾರ ಕಾಣದಷ್ಟು ದೂರದಲ್ಲಿದ್ದಾನೆಂದರೂ ಹರಿಯುವುದಿಲ್ಲ. ನಮ್ಮ ಮನೆಯ ಬೆಳಕು, ಹೊಲದ ಪಂಪು, ಊರಿಂದೂರಿಗೆ ಒಯ್ಯುವ ಬಸ್ಸು, ಸಿಮೆಂಟಿನ ಮಹಾದ್ವಾರ, ಇವೆಲ್ಲವುಗಳ ಬೆಲೆಯಲ್ಲಿ ಒಂದು ಪಾಲನ್ನು ನಾವು ತೆತ್ತಿಲ್ಲ. ಅದನ್ನು ಸಮುದ್ರದ ಹೆಸರಿನಲ್ಲಿ ಬರೆಯಿಸಿದ್ದೇವೆ. ಸಮುದ್ರವು ಅದನ್ನು ಬಾಯಿಲ್ಲದ ಜೀವಿಗಳಿಂದ ವಸೂಲು ಮಾಡುತ್ತಿದೆ.

ಋಣವೆಂದು ಒಪ್ಪಿದ ಮೇಲೆ ದಾರಿ ತಾನಾಗಿ ತೋರುತ್ತದೆ. ಸಾಲಗಾರನ ಮೊದಲ ಕೆಲಸ ಲೆಕ್ಕ ಬರೆದಿಡುವುದು. ತಿಂಗಳ ವಿದ್ಯುತ್ ಬಿಲ್ಲಿನಲ್ಲಿ ರೂಪಾಯಿಯನ್ನು ಮಾತ್ರ ನೋಡದೆ ಯೂನಿಟ್ಟುಗಳನ್ನೂ ನೋಡಿರಿ. ಎರಡನೆಯದು, ಇನ್ನು ಮುಂದೆ ಸಾಲ ಬೆಳೆಯದಂತೆ ನೋಡಿಕೊಳ್ಳುವುದು. ಬಿಸಿಲಿಗೆ ನಮ್ಮ ಸೀಮೆಯಲ್ಲಿ ಬರವೆಂದೂ ಇಲ್ಲ. ಮನೆಯ ಮಾಳಿಗೆಯ ಮೇಲೆ, ಮಠದ ಛಾವಣಿಯ ಮೇಲೆ, ಶಾಲೆಯ ಮೇಲೆ ಅದನ್ನು ವಿದ್ಯುತ್ತಾಗಿ ಹಿಡಿಯುವ ವಿದ್ಯೆ ಇಂದು ಕೈಗೆಟುಕಿದೆ. ಗದಗ, ಚಿತ್ರದುರ್ಗಗಳ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಎಲ್ಲರೂ ಕಂಡಿದ್ದೀರಿ. ಉತ್ಸವಗಳಲ್ಲಿ ಬೆಳಗಿನವರೆಗೆ ಜನರೇಟರುಗಳಿಂದ ಉರಿಸುವ ಅಲಂಕಾರದ ದೀಪಗಳಲ್ಲಿ ಭಕ್ತಿಯೆಷ್ಟು, ಮೇಲಾಟವೆಷ್ಟು ಎಂಬುದನ್ನು ಮಠಮಾನ್ಯಗಳೂ ವಿಚಾರಿಸಬೇಕು. ಮೂರನೆಯದು, ಹತ್ತಿರದ ನೀರನ್ನು ಕಾಯುವುದು. ಹಲವು ಕಡೆಯಿಂದ ಪೆಟ್ಟು ತಿಂದ ಜೀವ ಒಂದು ಹೆಚ್ಚಿನ ಪೆಟ್ಟಿಗೆ ಸಾಯುತ್ತದೆ. ಹೊಳೆಯ ಮರಳು, ಕೆರೆಯ ಹೂಳು, ಊರಿನ ಕೊಳೆ ಇವುಗಳ ಹೊರೆಯನ್ನಾದರೂ ಇಳಿಸಿದರೆ ಜೀವಿಗಳಿಗೆ ಉಳಿದುದನ್ನು ತಾಳುವ ಶಕ್ತಿ ಬರುತ್ತದೆ. ನಾಲ್ಕನೆಯದು, ಆಳುವವರನ್ನು ಕೇಳುವುದು. ಮನೆಯ ದೀಪವನ್ನು ಆರಿಸುವುದು ನಮ್ಮ ಕೈಯಲ್ಲಿದೆ, ಕಲ್ಲಿದ್ದಲಿನ ಕುಲುಮೆಯನ್ನು ಆರಿಸುವುದು ನಮ್ಮ ಕೈಯಲ್ಲಿಲ್ಲ. ಅದಕ್ಕೆ ಮತ ಬೇಕು, ಮಾತು ಬೇಕು, ಸಂಘಟನೆ ಬೇಕು. ಹರಿಹರದ ಕೆಳಗಿನ ಹಳ್ಳಿಗಳವರು ಬಾಯಿ ತೆರೆದುದರಿಂದಲೇ ನದಿಯ ದುಃಖ ನಾಡಿಗೆ ಕೇಳಿಸಿತು.

ಇಷ್ಟರಿಂದ ಸಮುದ್ರವು ನಾಳೆಯೇ ಮೊದಲಿನಂತಾಗುವುದೇ? ಆಗುವುದಿಲ್ಲ. ಈಗಾಗಲೇ ಕರಗಿರುವುದು ಶತಮಾನಗಳ ಕಾಲ ಅಲ್ಲಿಯೇ ಇರುತ್ತದೆ. ಆದರೆ ಫಲವನ್ನು ತಾನು ಕಾಣುವೆನೆಂಬ ಭರವಸೆಯಿದ್ದಾಗ ಮಾತ್ರ ಮಾಡುವುದು ವ್ಯಾಪಾರ. ಕಾಣದಿದ್ದರೂ ಮಾಡಬೇಕಾದುದನ್ನು ಮಾಡುವುದು ಕಾಯಕ. ಇಂದು ನಾವು ಸುಡದೆ ಬಿಟ್ಟ ಒಂದು ಹಿಡಿ ಕಲ್ಲಿದ್ದಲಿನ ಪುಣ್ಯವು ಐವತ್ತು ವರ್ಷಗಳ ತರುವಾಯ, ನಾವು ಹೆಸರನ್ನೂ ಕೇಳದ ಒಂದು ತೀರದಲ್ಲಿ, ಎರಡು ದಿನದ ಸಿಂಪಿಮರಿಯೊಂದಕ್ಕೆ ಚಿಪ್ಪಾಗಿ ದಕ್ಕಬಹುದು. ಕೊಟ್ಟವರು ಯಾರೆಂದು ಅದಕ್ಕೆ ಗೊತ್ತಾಗುವುದಿಲ್ಲ, ಪಡೆದುದು ಯಾವುದೆಂದು ನಮಗೆ ಗೊತ್ತಾಗುವುದಿಲ್ಲ. ದಾಸೋಹದ ಪಂಕ್ತಿಯಲ್ಲಿ ಉಣ್ಣುವವನ ಹೆಸರನ್ನು ಯಾರೂ ಕೇಳುವುದಿಲ್ಲ. ಆ ಪಂಕ್ತಿಯನ್ನು ಇನ್ನಷ್ಟು ಉದ್ದವಾಗಿ, ಸಮುದ್ರದವರೆಗೆ ಹಾಕುವ ಮನಸ್ಸು ನಮ್ಮೆಲ್ಲರಿಗೂ ಬರಲಿ.